ಕೈ ಹಾಕದೆ ಕಲಿಸಿದ ಮಡಿಕೆ

ಫೆಬ್ರುವರಿ 2, ಸೋಮವಾರ

ಮಧ್ಯಾಹ್ನ ಎರಡೂಕಾಲಕ್ಕೆ ತಾಕೆಫುವಿನಲ್ಲಿ ಇಳಿದೆ. ಅಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಊರಿನಲ್ಲಿ ಹಿಮ ಸೊಂಟದವರೆಗೆ ಇದೆ. ರಸ್ತೆಯ ನಡುವಿನ ಕೊಳವೆಗಳಿಂದ ಹಿಮ ಕರಗಿಸುವ ನೀರು ಚಿಮ್ಮುತ್ತಿದ್ದುದರಿಂದ ದಾರಿ ಮಾತ್ರ ತೆರೆದಿತ್ತು.

ಗ್ರಂಥಾಲಯದಿಂದ ಹತ್ತು ದಿನ ರಜೆ ಪಡೆದಿದ್ದೇನೆ. ಗಂಡನಿಗೆ ಹೇಳಿದ್ದು ಇಷ್ಟು: ಅಣ್ಣನ ಮಗನ ನಿಶ್ಚಿತಾರ್ಥಕ್ಕೆ, ಹೆಣ್ಣಿನ ಮನೆಗೆ ಕೊಡುವ ಕಾಣಿಕೆಪಟ್ಟಿಯ ಕಾಗದದ ಹೊದಿಕೆ ಮಡಿಸಬೇಕಾಗಿದೆ, ಬಲ್ಲವರಿಂದ ಸರಿಯಾಗಿ ಕಲಿತು ಬರುತ್ತೇನೆ. ಇದು ಸುಳ್ಳಲ್ಲ.

ಹೊಸವರ್ಷದ ದಿನ ಕಾನಾಜಾವಾದ ತವರಿನಲ್ಲಿ ಅಣ್ಣ ಕೋಹೇ ಕೇಳಿದ. "ಅಸಾಕೊ, ಅಂಗಡಿಯದು ಬೇಡ, ನೀನೇ ಮಡಿಸಿಕೊಡು. ಹರಿದ ಪುಸ್ತಕಗಳನ್ನೇ ನೆಟ್ಟಗೆ ಮಾಡ್ತೀಯ, ಇದೇನು ಮಹಾ." ಆಮೇಲೆ ನಕ್ಕು, "ಸ್ವಲ್ಪ ಬಿಗಿಯಾಗಿ ಮಡಿಸಮ್ಮ. ಈ ಸಲವೂ ಹೆಣ್ಣಿನ ಮನೆಯವರು ರಾತ್ರೋರಾತ್ರಿ ಬಿಚ್ಚಿ ನೋಡಿಬಿಟ್ಟಾರು" ಎಂದ. ಅತ್ತಿಗೆಯೂ ನಕ್ಕಳು. ನಾನು ಸಾರಿನ ಬಟ್ಟಲನ್ನು ಎತ್ತಿ ಮುಖದ ಮುಂದೆ ಹಿಡಿದುಕೊಂಡೆ.

ಒಸಾಕಾಕ್ಕೆ ಮರಳಿ ಕಾಗದ ತಂದು ಕೂತೆ. ಎಡ, ಬಲ, ಎಲ್ಲ ಸರಿಹೋಯಿತು. ಬೆನ್ನಿನ ಮಡಿಕೆಗೆ ಬಂದಾಗ ಕೈ ನಿಂತಿತು. ಕೆಳಗಿನ ಅಂಚು ಮೇಲಿನದನ್ನು ಮುಚ್ಚುವಂತೆ ಬಂದರೆ ಶುಭ. ಮೇಲಿನ ಅಂಚು ಇಳಿದು ಕೆಳಗಿನದನ್ನು ಮುಚ್ಚಿದರೆ ಅದು ಸಾವಿನ ಮನೆಗೆ ಕೊಡುವಂಥದ್ದು. ಮಕ್ಕಳಿಗೂ ತಿಳಿದಿರುವ ಸಂಗತಿ. ನನಗೂ ತಿಳಿದಿದೆ. ತಿಳಿದಿದ್ದೂ ಒಂದು ಗಂಟೆ ಹಾಗೆಯೇ ಕೂತಿದ್ದೆ.

ಕಲಿಸುವವರು ನಾಳೆ ಒಂಬತ್ತಕ್ಕೆ ಬರಲು ಹೇಳಿದ್ದಾರೆ. ವಸತಿಗೃಹದ ಪುಸ್ತಕದಲ್ಲಿ ನಿಶಿಗಾಕಿ ಎಂದು ಬರೆದೆ. ಮದುವೆಯಾಗಿ ಇಪ್ಪತ್ತೆರಡು ವರ್ಷಗಳಿಂದ ಅದೇ ನನ್ನ ಹೆಸರು. ಇದೂ ಸುಳ್ಳಲ್ಲ.

ಫೆಬ್ರುವರಿ 3, ಮಂಗಳವಾರ

ಯಾಮಾಗಿಶಿ ಕಿನು. ಎಂಬತ್ತೊಂದು ವರ್ಷ. ಬೆನ್ನು ಬಾಗಿದೆ, ಕೈ ಬಾಗಿಲ್ಲ. ನನ್ನ ಗುರುತು ಹತ್ತಲಿಲ್ಲ. ಹತ್ತಲು ಕಾರಣವೂ ಇಲ್ಲ. ಅವರು ನನ್ನನ್ನು ಕಂಡಿದ್ದು ಎರಡೇ ದಿನ, ಇಪ್ಪತ್ತಾರು ವರ್ಷಗಳ ಹಿಂದೆ.

"ಒಸಾಕಾದಿಂದ ಬಂದ್ರಾ? ಕಾಗದ ಮಡಿಸೋಕೆ? ಅಲ್ಲಿ ಕಾಗದ ಸಿಗಲ್ವಾ?"

"ಸಿಗುತ್ತೆ. ಮಡಿಸೋದು ಹೇಳಿಕೊಡೋರು ಸಿಗಲ್ಲ."

"ಮಾತನ್ನಂತೂ ಚೆನ್ನಾಗಿ ಮಡಿಸ್ತೀರ. ಕೂತ್ಕೊಳ್ಳಿ."

ಮೊದಲು ಕಣ್ಣು ಮುಚ್ಚಿಸಿ ಹಾಳೆಯ ಎರಡು ಮುಖ ಮುಟ್ಟಿಸಿದರು. ಹಲಗೆಗೆ ಅಂಟಿ ಒಣಗಿದ ಮುಖ ನುಣುಪು, ಬ್ರಷ್ ಆಡಿಸಿದ ಬೆನ್ನು ಒರಟು. ಹತ್ತರಲ್ಲಿ ಒಂಬತ್ತು ಸರಿ ಹೇಳಿದೆ. "ಇದು ನಿಮಗೆ ಹೊಸದಲ್ಲ" ಎಂದರು. ಗ್ರಂಥಾಲಯದ ಕೆಲಸ ಹೇಳಿದೆ. ಆಮೇಲೆ ಊಟದ ಕಡ್ಡಿಗಳ ಹೊದಿಕೆ, ಬೀಜದ ಪೊಟ್ಟಣ, ಎಳ್ಳುಪ್ಪಿನ ಪೊಟ್ಟಣ. ಗೆರೆಯನ್ನು ಉಗುರಿನಿಂದ ಎಳೆದಾಗ ಬಿದಿರಿನ ಪಟ್ಟಿಯಿಂದ ನನ್ನ ಬೆರಳ ಗೆಣ್ಣಿಗೆ ಮೆಲ್ಲಗೆ ತಟ್ಟಿದರು.

"ಅದೇನು ನಿಮ್ಮ ಶತ್ರುನಾ? ಅಂಗೈಯಿಂದ ಕೂರಿಸಿ. ತಾನಾಗೇ ಕೂರುತ್ತೆ."

ಮಧ್ಯಾಹ್ನ ಮಗಳು ಸಾಯೊ ಅವರು ಶಾಲೆಯ ಅಡುಗೆಮನೆಯ ಕೆಲಸ ಮುಗಿಸಿ ಬಂದರು. ಇವತ್ತು ಕೆಡುಕನ್ನು ಓಡಿಸಲು ಹುರಿದ ಸೋಯಾ ಎರಚುವ ದಿನವಲ್ಲವೆ, ವಯಸ್ಸಿನಷ್ಟು ಕಾಳು ತಿನ್ನಬೇಕು. ತಾಯಿಯ ಮುಂದೆ ಒಂದು ಬಟ್ಟಲು ಇಟ್ಟರು.

"ಎಂಬತ್ತೊಂದು ಎಣಿಸಿದ್ದೀನಿ ಅಮ್ಮ. ಹಲ್ಲು ಎಷ್ಟಿದೆಯೋ ಅಷ್ಟು ತಿನ್ನು, ಮಿಕ್ಕಿದ್ದು ಚಹಾಕ್ಕೆ ಹಾಕ್ತೀನಿ."

"ಹಲ್ಲಿನ ಲೆಕ್ಕದಲ್ಲಿ ನಂಗೆ ಮೂರೇ ವರ್ಷ ಕಣೆ."

ಸಾಯೊ ಅವರಿಗೆ ಐವತ್ತೆರಡು ಇರಬೇಕು. ಮದುವೆಯಾಗಿಲ್ಲ. ನನ್ನತ್ತ ನೋಡಿ, "ನಿಮಗೆಷ್ಟು ಕೊಡಲಿ?" ಎಂದರು. ಐವತ್ತು ಎಂದೆ. ಎಣಿಸಿ ಕೊಟ್ಟರು.

ಹೊರಡುವ ಮುಂಚೆ ಕಾಣಿಕೆಪಟ್ಟಿಯ ಹೊದಿಕೆಯ ವಿಷಯ ತೆಗೆದೆ. ಕಿನು ಅವರು ಎರಡೂ ಕೈಗಳನ್ನು, ಅಡಿಯಲ್ಲಿ ಕಾವಿರುವ ಮೇಜಿಗೆ ಹೊದಿಸಿದ ರಜಾಯಿಯೊಳಗೆ ಇಟ್ಟುಕೊಂಡರು.

"ಶುಭದ್ದನ್ನ ನಾನು ಮಡಿಸಲ್ಲ. ನಿಮಗೆ ಬೇಕೇ ಬೇಕು ಅಂದ್ರೆ ಬಾಯಲ್ಲಿ ಹೇಳ್ತೀನಿ, ನೀವು ಮಡಿಸಿ. ಕೈ ಹಾಕಲ್ಲ."

ಯಾಕೆ ಎಂದು ನಾನು ಕೇಳಲಿಲ್ಲ. ನಡೆದದ್ದನ್ನು ಇಲ್ಲಿ ಒಮ್ಮೆ ಕ್ರಮವಾಗಿ ಬರೆದಿಡುತ್ತೇನೆ.

ಅಪ್ಪ ತೀರಿಕೊಂಡು ಒಂದು ವರ್ಷದ ಕರ್ಮ ಮುಗಿದಿತ್ತು. ಆ ವರ್ಷವಿಡೀ, ಸಂತಾಪಕ್ಕೆ ಬಂದವರಿಗೆ ಮರುಕಾಣಿಕೆ ಕಳಿಸಲು ನೂರಾರು ಹೊದಿಕೆಗಳನ್ನು ಮಡಿಸಿದವಳು ನಾನು. ಎರಡು ತಿಂಗಳಿಗೆ ಅಣ್ಣನಿಗೂ ಸಾಯೊ ಅವರಿಗೂ ಸಂಬಂಧ ಕೂಡಿತು. ಕಾಣಿಕೆಪಟ್ಟಿಯ ಹೊದಿಕೆಯನ್ನು ನಾನೇ ಮಡಿಸಿದೆ. ಜನವರಿಯಲ್ಲಿ ಅಮ್ಮ, ದೊಡ್ಡಪ್ಪ, ಅಣ್ಣ, ನಾನು ಇಲ್ಲಿಗೆ ಬಂದೆವು. ಹಿಮ ಸುರಿದು ಗಂಟಿನ ಬಟ್ಟೆ ಒದ್ದೆಯಾಗಿತ್ತು. ಗಂಟನ್ನು ಇವರ ಮನೆಯಲ್ಲಿ ಬಿಟ್ಟು ನಾವು ತಾಕೆಫುವಿನಲ್ಲಿ ಉಳಿದೆವು. ಮರುದಿನ ಬೆಳಿಗ್ಗೆ ಎಲ್ಲರ ಮುಂದೆ ಬಿಚ್ಚಿದಾಗ ಒಳಗಿನ ಹೊದಿಕೆಯ, ಅಂದರೆ ನಾನು ಮಡಿಸಿದ್ದರ, ಬೆನ್ನು ಸಾವಿನ ಮನೆಯ ಮಡಿಕೆಯಾಗಿತ್ತು.

ದೊಡ್ಡಪ್ಪ, "ಇನ್ನೂ ಯಾರ ಸಾವಿಗೆ ಕಾಯ್ತಿದ್ದೀರಿ ನಮ್ಮ ಮನೇಲಿ?" ಎಂದ. ಅಮ್ಮ, "ನಾವು ಕೊಟ್ಟಾಗ ಸರಿಯಾಗಿತ್ತು" ಎಂದಳು. ಅದರ ಮೇಲೆ ಸುತ್ತಿದ್ದ ಹೊರಹೊದಿಕೆ ಒದ್ದೆಯಾಗಿದ್ದರಿಂದ ರಾತ್ರಿ ಅದನ್ನು ಬದಲಿಸಿದ್ದು ಕಿನು ಅವರು. ಆ ಊರಿನ ಎಲ್ಲ ಮದುವೆಗಳಿಗೂ ಮಡಿಸುತ್ತಿದ್ದವರು ಅವರೇ. ಎಲ್ಲರೂ ಅವರತ್ತ ತಿರುಗಿದರು. ಅವರು ಚಾಪೆಗೆ ಹಣೆ ಹಚ್ಚಿ, "ನನ್ನ ಕೈ ತಪ್ಪಿರಬೇಕು" ಎಂದರು. ಅಮ್ಮ ಎದ್ದಳು. ನಾವೆಲ್ಲ ಎದ್ದೆವು. ಸಂಬಂಧ ಮುರಿಯಿತು.

ಅದು ನನ್ನ ಮಡಿಕೆ ಎಂದು ನನಗೆ ತಿಳಿದದ್ದು ಬಿಚ್ಚಿದ ಆ ಕ್ಷಣದಲ್ಲಿ. ಬಾಯಿ ಬರಲಿಲ್ಲ. ಮರುಕ್ಷಣ ಸಮಯ ಮೀರಿತ್ತು.

ಫೆಬ್ರುವರಿ 4, ಬುಧವಾರ

ಹನ್ನೆರಡು ಹಾಳೆ. ಎರಡು ಸರಿ.

ಮುಟ್ಟದೆ, ಬರೀ ಬಾಯಲ್ಲಿ ಹೇಳಿಕೊಡುವುದು ಎಷ್ಟು ಕಷ್ಟ ಎಂದು ನಾನು ಯೋಚಿಸಿರಲಿಲ್ಲ. "ಬಲಗಡೆ ಅಂಚು ಎಡಗಡೆ ಗೆರೆಗಿಂತ ಅಕ್ಕಿಕಾಳಿನಷ್ಟು ಹಿಂದೆ ನಿಲ್ಲಲಿ. ಉದ್ದಕ್ಕಲ್ಲ, ಕಾಳಿನ ಅಡ್ಡಕ್ಕೆ." ಅವರ ಭುಜ ಅಲುಗುತ್ತಿತ್ತು. ರಜಾಯಿಯೊಳಗೆ ಬೆರಳುಗಳು ಮಡಿಸುತ್ತಿದ್ದವು.

ಫೆಬ್ರುವರಿ 5, ಗುರುವಾರ

ಕೇಳಬಾರದು ಎಂದುಕೊಂಡಿದ್ದೆ. ಅವರೇ ಹೇಳಿದರು. ನಾನು ಬೆನ್ನಿನ ಮಡಿಕೆಗೆ ಬಂದಾಗ ಎಂದಿನಂತೆ ತಡೆದೆ. ಅವರು ಅದನ್ನು ಗಮನಿಸಿದರು.

"ಅಲ್ಲಿಗೆ ಬಂದಾಗ ನಿಮಗೂ ಭಯ ಆಗುತ್ತೆ ಅಲ್ವಾ? ಒಳ್ಳೇದು. ನಂಗೆ ಆಗ್ತಿರಲಿಲ್ಲ. ಅದೇ ತಪ್ಪಾಯ್ತು."

ಆಮೇಲೆ ಆ ಕಥೆ. ನನ್ನ ಮನೆಯವರನ್ನು ಅವರು ಒಮ್ಮೆಯೂ ಹಳಿಯಲಿಲ್ಲ. "ಗಂಡಿನ ತಾಯಿ ವಿಧವೆ. ಹೋದ ವರ್ಷ ತಾನೇ ಗಂಡನ್ನ ಕಳಕೊಂಡವಳು. ಅವಳ ಮುಂದೆ ಅಂಥದ್ದನ್ನ ಇಟ್ಟೆ ನೋಡಿ ನಾನು."

"ಒಳಗಿನದನ್ನೂ ನೀವು ಬಿಚ್ಚಿದ್ರಾ?" ಎಂದು ಕೇಳಿದೆ.

"ಬಿಚ್ಚಿರಲೇಬೇಕು. ಮೊದಮೊದಲು ನೆನಪೇ ಇರಲಿಲ್ಲ. ಹೊರಗಿನದು ತೆಗೆದೆ, ಬೇರೆ ಹಾಳೆ ಹಾಕಿದೆ, ಅಷ್ಟೇ ಅನ್ಕೊಂಡಿದ್ದೆ. ಎಲ್ಲರೂ ಕೇಳಿದ್ರು. ನನ್ನ ಗಂಡ ಕೇಳಿದ್ರು, ನಾದಿನಿ ಕೇಳಿದಳು, ಮಧ್ಯಸ್ಥರು ಎರಡು ಸಲ ಬಂದು ಕೇಳಿದ್ರು. ಕೇಳಿ ಕೇಳಿ ನೆನಪು ಬಂತು. ಈಗ ಕಣ್ಣಿಗೆ ಕಟ್ಟಿದ ಹಾಗಿದೆ. ಒಳಗಿನದಕ್ಕೆ ತೇವ ತಾಕಿದೆಯಾ ಅಂತ ಬಿಚ್ಚಿದೆ, ನೋಡಿದೆ, ಮತ್ತೆ ಮಡಿಸಿದೆ. ಈ ಬೆರಳೇ ಮೇಲಿನ ಅಂಚನ್ನ ಕೆಳಕ್ಕೆ ತಂದಿದ್ದು ಕಾಣುತ್ತೆ ನಂಗೆ."

ಅವರು ತಮ್ಮ ಬಲಗೈ ತೋರುಬೆರಳನ್ನು ಎತ್ತಿ ತೋರಿಸಿದರು.

ನಾನು ಹಾಳೆಯತ್ತ ನೋಡುತ್ತಿದ್ದೆ. "ಮಡಿಸಿ, ಯಾಕೆ ನಿಲ್ಲಿಸಿದ್ರಿ?" ಎಂದರು. ಮಡಿಸಿದೆ. ಸರಿಯಾಗಿ ಬಂತು. ಅದು ಸರಿಯಾಗಿ ಬಂದದ್ದೇ ನನಗೆ ಸಹಿಸಲಾಗಲಿಲ್ಲ.

ಫೆಬ್ರುವರಿ 6, ಶುಕ್ರವಾರ

ತಲೆನೋವೆಂದು ಹೇಳಿ ಕಳಿಸಿದೆ. ತಲೆ ನೋಯುತ್ತಿರಲಿಲ್ಲ.

ನಾಲ್ಕು ಗಂಟೆಗೆ ಸಾಯೊ ಬಂದಳು, ಕೈಯಲ್ಲಿ ಕಪ್ಪುಸಕ್ಕರೆಯ ತಣ್ಣನೆಯ ಹಲ್ವದ ಡಬ್ಬಿ. ಈ ಕಡೆ ಚಳಿಗಾಲದಲ್ಲೇ ಅದನ್ನು ತಿನ್ನುವುದು. "ಅಮ್ಮ ಕಳಿಸಿದಳು. ತಲೆನೋವಿಗೆ ಇದೇನು ಔಷಧಿ ಅಂತ ಕೇಳಿದ್ದಕ್ಕೆ ಬೈದಳು. ಬೆಳಗಿಂದ ನಿಮ್ಮ ಹಾಳೆಗಳನ್ನ ಸರಿಮಾಡಿ ಇಟ್ಟುಕೊಂಡು ಬಾಗಿಲು ನೋಡ್ತಿದ್ದಾಳೆ. ಇಷ್ಟು ಚುರುಕಾಗಿ ಕಲಿಯೋರು ಸಿಕ್ಕಿ ಎಷ್ಟೋ ವರ್ಷ ಆಯ್ತಂತೆ."

ಡಬ್ಬಿ ಖಾಲಿ ಮಾಡಿದೆ. ರುಚಿ ಗೊತ್ತಾಗಲಿಲ್ಲ ಎಂದು ಬರೆಯಬೇಕೆನಿಸಿತು. ಗೊತ್ತಾಯಿತು. ಚೆನ್ನಾಗಿತ್ತು.

ಫೆಬ್ರುವರಿ 7, ಶನಿವಾರ

ಮೂರನೇ ತಾರೀಖು ಬರೆದದ್ದನ್ನು ಓದಿದೆ. "ಬಿಚ್ಚಿದ ಆ ಕ್ಷಣದಲ್ಲಿ" ಎಂದಿದೆ. ಇದು ನಿಜವಲ್ಲ. ಗಂಡನಿಗೂ ಹೀಗೆಯೇ ಹೇಳುತ್ತಿದ್ದೆನೇನೋ, ಹೇಳುವ ಸಂದರ್ಭ ಬಂದಿದ್ದರೆ. ಆದರೆ ಇದನ್ನು ಓದುವವಳು ನಾನೊಬ್ಬಳೇ. ಇಲ್ಲಿಯೂ ಯಾಕೆ ಹಾಗೆ ಬರೆದೆ?

ನನಗೆ ತಿಳಿದದ್ದು ರೈಲಿನಲ್ಲಿ. ಎದುರಿಗೆ ಅಮ್ಮ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ತೂಕಡಿಸುತ್ತಿದ್ದಳು. ನನ್ನ ಕೈಗಳು ಸುಮ್ಮನೆ ಒಂದರ ಮೇಲೊಂದು ಇದ್ದವು. ಎಡಗೈ ಮೇಲೆ ಬಲಗೈ. ಆಗ ಹಿಂದಿನ ರಾತ್ರಿಯ ಮಡಿಕೆ ಕಣ್ಣೆದುರು ಬಂತು. ಮೇಲಿನ ಅಂಚು ಕೆಳಕ್ಕೆ. ಅನುಮಾನವೇ ಇರಲಿಲ್ಲ. ತಾಕೆಫು ಬರಲು ಇನ್ನೂ ಐವತ್ತು ನಿಮಿಷಗಳಿದ್ದವು. ಅಮ್ಮನನ್ನು ಎಬ್ಬಿಸಿ ಹೇಳಿದ್ದರೆ ಹೊದಿಕೆಯನ್ನು ಅಲ್ಲೇ ತೆಗೆದು ಸರಿಮಾಡಬಹುದಿತ್ತು. ಪಕ್ಕದಲ್ಲಿ ದೊಡ್ಡಪ್ಪ ಇದ್ದ. ಅವನು ನಾಲ್ಕು ಜನರ ಮುಂದೆ ಬೈಯುತ್ತಾನೆ ಎಂದು ಹೆದರಿದೆ. ಯಾರೂ ಬೆನ್ನು ನೋಡಲಿಕ್ಕಿಲ್ಲ ಎಂದುಕೊಂಡೆ. ಕಿಟಕಿಯಾಚೆ ಹಿಮ ನೋಡುತ್ತ ಕೂತೆ.

ಇಷ್ಟು ಕಾಲ ನಾನು ಅದನ್ನು ಕೈತಪ್ಪು ಎಂದು ಕರೆಯುತ್ತಿದ್ದೆ.

ಇವತ್ತು ಹೋದೆ. ಎಂಟು ಹಾಳೆ, ಆರು ಸರಿ. ತಲೆ ಹೇಗಿದೆ ಎಂದು ಕೇಳಿದರು. ಹಣೆ ಮುಟ್ಟಿ ನೋಡಿದರು. ಶುಭದ ಹಾಳೆ ಮೇಜಿನ ಮೇಲಿತ್ತು, ಅದಕ್ಕೆ ತಾಕದ ಹಾಗೆ ತೋಳನ್ನು ಸುತ್ತಿಸಿಕೊಂಡು ಬಂದು ಮುಟ್ಟಿದರು.

ಫೆಬ್ರುವರಿ 8, ಭಾನುವಾರ

ಕುರಿಯಾಮಾ ಮನೆಯ ಹೆಂಗಸು ಬಂದಿದ್ದಳು. ಅವರದು ಕಾಗದ ಮಾಡುವ ಮನೆ, ಸೇತುವೆಯ ಆಚೆ. ಮಗನಿಗೆ ಮುಂದಿನ ಶನಿವಾರ ನಿಶ್ಚಿತಾರ್ಥ. ತೊಟ್ಟಿಯ ತಣ್ಣೀರಿನಲ್ಲಿ ಕೆಂಪಾದ ಕೈಗಳನ್ನು ರಜಾಯಿಯೊಳಗೆ ತೂರಿಸಿ, ಬಂದ ವಿಷಯವನ್ನು ನೇರವಾಗಿ ಎತ್ತಿದಳು.

"ಅಜ್ಜಿ, ಈ ಸಲ ಇಲ್ಲ ಅನ್ನಬೇಡಿ. ನಮ್ಮತ್ತೆ ಮದುವೆಗೆ ನೀವು ಮಡಿಸಿದ್ದು, ನನ್ನ ಮದುವೆಗೆ ನೀವು ಮಡಿಸಿದ್ದು."

"ನಿನ್ನ ಗಂಡ ಕುಡೀತಾನೆ ಅಂತ ಹೋದ ತಿಂಗಳು ನಂಗೇ ಹೇಳ್ತಿದ್ದೆ. ನನ್ನ ಮಡಿಕೆಯಿಂದ ಏನು ಕಡಿದು ಗುಡ್ಡೆ ಹಾಕಿದೆ?"

"ಕುಡೀಲಿ ಬಿಡಿ, ಇದ್ದಾನಲ್ಲ. ಅಲ್ಲ ಅಜ್ಜಿ, ನಾಚಿಕೆಗೇಡು. ದೇಶಕ್ಕೆಲ್ಲ ನಾವು ಕಾಗದ ಮಾಡಿ ಕಳಿಸ್ತೀವಿ, ನಮ್ಮ ಮಕ್ಕಳ ಮದುವೆಗೆ ಪೇಟೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಹೊದಿಕೆ ತರ್ತೀವಿ. ಇಪ್ಪತ್ತೈದು ವರ್ಷದಿಂದ ಇದೇ ಆಯ್ತು."

"ಇಪ್ಪತ್ತಾರು."

"ಆಗಿದ್ದು ಆಯ್ತು. ಯಾರು ನೆನಪಿಟ್ಟಿದ್ದಾರೆ ಈಗ?"

"ನಾನು ಇಟ್ಟಿದ್ದೀನಿ" ಎಂದರು ಕಿನು ಅಜ್ಜಿ. "ನಿನ್ನ ಸೊಸೆಗೆ ನಾಳೆ ಒಂದು ಜ್ವರ ಬಂದ್ರೂ ನೀನು ನನ್ನ ಕೈನ ನೆನೆಸಿಕೊಳ್ತೀಯ. ಬಾಯಲ್ಲಿ ಅನ್ನಲ್ಲ, ಒಳ್ಳೆಯವಳು. ಆದ್ರೆ ನೆನೆಸಿಕೊಳ್ತೀಯ."

ಕುರಿಯಾಮಾ ಹೆಂಗಸು ಕೈಗಳನ್ನು ರಜಾಯಿಯಿಂದ ಹೊರತೆಗೆದು ಎದ್ದಳು. ಅವಳು ತಂದಿದ್ದ ಹಾಳೆಗಳ ಕಟ್ಟು ಮೇಜಿನ ಮೇಲೆ ಉಳಿಯಿತು. ಅವಳೇ ಮಾಡಿದ ಕಾಗದ. ಅಷ್ಟು ಬಿಳುಪನ್ನು ನಾನು ಎಲ್ಲಿಯೂ ನೋಡಿಲ್ಲ. ಅವಳು ಹೋದ ಮೇಲೆ ಅಜ್ಜಿ ಅದರ ಮೇಲೆ ಒಂದು ಬಟ್ಟೆ ಹೊದಿಸಿದರು. ಬಟ್ಟೆಯ ಮೇಲಿನಿಂದ ಅಂಗೈ ಆಡಿಸಿದರು, ಬಹಳ ಹೊತ್ತು.

ಆಗ ಹೇಳಬಹುದಿತ್ತು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. "ಚಹಾ ಮಾಡಲಾ ಅಜ್ಜಿ?" ಎಂದೆ.

ಫೆಬ್ರುವರಿ 10, ಮಂಗಳವಾರ

ನಿನ್ನೆ ಇಡೀ ಹಿಮ. ಇವತ್ತು ಮಧ್ಯಾಹ್ನ ಸಾಯೊ ಜೊತೆ ಅಂಗಳದ ಹಿಮ ತೆಗೆದೆ. ಅವಳು ಸಲಿಕೆಯಲ್ಲಿ ಎತ್ತಿ ಕಾಲುವೆಗೆ ಹಾಕುತ್ತಿದ್ದಳು, ನಾನು ತಳ್ಳುತ್ತಿದ್ದೆ.

"ಒಸಾಕಾದವರಿಗೆ ಹಿಮ ತಳ್ಳೋಕೆ ಬರಲ್ಲ ಅನ್ಕೊಂಡಿದ್ದೆ. ನಿಮಗೆ ಬರುತ್ತಲ್ಲ."

ಕಾನಾಜಾವಾದಲ್ಲಿ ಹುಟ್ಟಿದವಳು ಎಂದು ಹೇಳಲಿಲ್ಲ. ನೋಡಿ ಕಲಿತೆ ಎಂದೆ.

ದಣಿದು ಮೆಟ್ಟಿಲ ಮೇಲೆ ಕೂತೆವು. ಒಳಗೆ ಅಜ್ಜಿ ಮಲಗಿದ್ದರು. ಸಾಯೊ ಕೈಗವಸು ತೆಗೆದು ಮೊಣಕಾಲಿಗೆ ಬಡಿದಳು.

"ನಾಳಿದ್ದು ಊರಿಗೆ ಹೋಗ್ತೀರಲ್ಲ ನೀವು. ಅದಕ್ಕೇ ಹೇಳ್ತಿದ್ದೀನಿ, ಇಲ್ಲಿಯೋರ ಹತ್ರ ಹೇಳೋ ಹಾಗಿಲ್ಲ. ಅಮ್ಮ ಅದನ್ನ ಮಡಿಸಿದ್ದಲ್ಲ."

ನಾನು ಬೂಟಿಗೆ ಅಂಟಿದ್ದ ಹಿಮವನ್ನು ಮೆಟ್ಟಿಲಿಗೆ ಕೆರೆದೆ.

"ಆ ರಾತ್ರಿ ನಾನು ಪಕ್ಕದಲ್ಲೇ ನಿಂತಿದ್ದೆ. ಹೊಸ ಹಾಳೆ ಎತ್ತಿಕೊಟ್ಟವಳೇ ನಾನು. ಅಮ್ಮ ಹೊರಗಿನದು ತೆಗೆದಳು, ಒಳಗಿನದನ್ನ ಹಾಗೇ ಒಣಬಟ್ಟೆ ಮೇಲೆ ಇಟ್ಟಳು, ಹಾಗೇ ಎತ್ತಿ ಸುತ್ತಿದಳು. ಬಿಚ್ಚಲೇ ಇಲ್ಲ."

"ಹೇಳಲಿಲ್ಲವಾ ನೀವು?"

"ಇಲ್ಲ." ಕೈಗವಸನ್ನು ಪಕ್ಕಕ್ಕಿಟ್ಟು, "ನಂಗೆ ಆ ಮದುವೆ ಬೇಡವಾಗಿತ್ತು. ಆ ಮನುಷ್ಯ ಕೆಟ್ಟವನೇನಲ್ಲ. ಊಟ ಮಾಡುವಾಗ ಒಂದೇ ಸಮ ಮಾತಾಡ್ತಿದ್ದ. ಇವನ ಜೊತೆ ನಲವತ್ತು ವರ್ಷ ಊಟ ಮಾಡಬೇಕಲ್ಲಪ್ಪ ಅಂತ ಅನ್ಕೋತಿದ್ದೆ. ಇಲ್ಲ ಅನ್ನೋ ಧೈರ್ಯ ಇರಲಿಲ್ಲ. ಆಗ ತಾನಾಗೇ ಮುರೀತು. ಎರಡು ದಿನ ಸುಮ್ಮನಿರೋಣ, ಆಮೇಲೆ ಅಮ್ಮನಿಗೆ ಹೇಳೋಣ ಅನ್ಕೊಂಡೆ. ಎರಡು ದಿನದಲ್ಲಿ ಅವಳಿಗೆ ತಾನೇ ಬಿಚ್ಚಿದ್ದು ನೆನಪು ಬಂದುಬಿಟ್ಟಿತ್ತು."

ಅಣ್ಣ ಈಗಲೂ ಊಟದ ಹೊತ್ತಿಗೆ ಹಾಗೆಯೇ ಮಾತಾಡುತ್ತಾನೆ. ಇದು ಯಾಕೆ ಆ ಕ್ಷಣ ಹೊಳೆಯಿತೋ.

"ಹಾಗಾದ್ರೆ ಯಾರು ಮಡಿಸಿದ್ದು?" ಎಂದು ಕೇಳಿದೆ. ನಾನು, ಬಾಯಿಬಿಟ್ಟು, ಕೇಳಿದೆ.

"ಆ ಕಡೆಯವರು ಯಾರೋ. ಮಗಳೊಬ್ಬಳು ಮಡಿಸಿದ್ದು ಅಂತ ಅವರಮ್ಮ ಅಂದಿದ್ರು. ತಾಯಿ ಹಿಂದೆ ಕೂತಿದ್ದಳು, ತಲೆ ತಗ್ಗಿಸಿಕೊಂಡು. ಮುಖ ಸರಿಯಾಗಿ ನೋಡಲಿಲ್ಲ. ಪಾಪ, ಅವಳಿಗೆ ಗೊತ್ತೇ ಆಗಿರಲಿಕ್ಕಿಲ್ಲ. ಗೊತ್ತಾಗಿದ್ರೆ ಹೇಳ್ತಿದ್ದಳು. ಅದೇ ನಂಗೂ ಅವಳಿಗೂ ಇರೋ ವ್ಯತ್ಯಾಸ."

ಅವಳು ಎದ್ದು ಸಲಿಕೆ ಹಿಡಿದಳು. ನಾನೂ ಎದ್ದೆ. ಉಳಿದ ಹಿಮವನ್ನೆಲ್ಲ ತೆಗೆದೆವು. ಅಂಗಳದ ಕಲ್ಲು ಕಾಣುವವರೆಗೂ ತೆಗೆದೆ, ಸಾಕು ಎಂದು ಅವಳು ಎರಡು ಸಲ ಹೇಳಿದ ಮೇಲೂ.

ಒಂದು ಕ್ಷಣ ನನಗೆ ಹಗುರವಾಯಿತು ಎಂಬುದನ್ನೂ ಬರೆದಿಡಬೇಕು. ಇವಳೂ ಸುಮ್ಮನಿದ್ದಳು, ನಾನೊಬ್ಬಳೇ ಅಲ್ಲ ಎಂದು. ಆ ಹಗುರ ಮೆಟ್ಟಿಲಿನಿಂದ ಗೇಟಿನವರೆಗೂ ಉಳಿಯಲಿಲ್ಲ. ಇಬ್ಬರು ಸುಮ್ಮನಿದ್ದುದರಿಂದ ಅಜ್ಜಿಯ ಪಾಲಿಗೆ ಬಂದದ್ದು ಅರ್ಧವಾಗಿಲ್ಲ.

ಫೆಬ್ರುವರಿ 11, ಬುಧವಾರ

ಇವತ್ತು ಹತ್ತು ಹಾಳೆ ಮಡಿಸಿದೆ. ಹತ್ತೂ ಸರಿ. ಬೆನ್ನಿನಲ್ಲಿ ಕೈ ನಿಲ್ಲಲಿಲ್ಲ.

ಅಜ್ಜಿ ಹತ್ತನೆಯದನ್ನು ಕಿಟಕಿಯ ಬೆಳಕಿಗೆ ಹಿಡಿಯಲು ಹೇಳಿದರು. ನಾನು ಹಿಡಿದೆ. ಅವರು ಬಾಗಿ, ಕನ್ನಡಕ ಮೇಲಕ್ಕೆ ಸರಿಸಿ, ಅಂಚಿನಿಂದ ಅಂಚಿಗೆ ನೋಡಿದರು. ರಜೆಯ ದಿನವಾದ್ದರಿಂದ ಸಾಯೊ ಮನೆಯಲ್ಲೇ ಇದ್ದಳು. ಅಡುಗೆಮನೆಯಲ್ಲಿ ಅವಳು ಮೂಲಂಗಿ ತುರಿಯುವ ಸದ್ದು ಕೇಳುತ್ತಿತ್ತು.

"ಸಾಯೊ, ಇಲ್ಲಿ ಬಾ. ಇದನ್ನ ಯಾರು ಮಡಿಸಿದ್ದು ಹೇಳು."

ಸಾಯೊ ಕೈ ಒರೆಸಿಕೊಂಡು ಬಂದು ನೋಡಿದಳು. "ನೀನೇ ಅಲ್ವಾ?" ಎಂದು ತಾಯಿಯ ಮುಖ ನೋಡಿದಳು. ಅವಳ ಕಣ್ಣಿನಲ್ಲಿ ಒಂದು ಆಸೆ ಹಾದುಹೋಯಿತು, ನನಗೆ ಕಂಡಿತು.

"ನಾನಲ್ಲ. ಆದ್ರೆ ನಮ್ಮ ಮನೇದೇ." ಅಜ್ಜಿ ನಕ್ಕರು. ಎದ್ದು ಹೋಗಿ, ಬಟ್ಟೆ ಹೊದಿಸಿಟ್ಟಿದ್ದ ಕುರಿಯಾಮಾ ಮನೆಯ ಹಾಳೆಗಳನ್ನು ಬಟ್ಟೆಸಮೇತ ಎತ್ತಿ ತಂದು ನನ್ನ ಮುಂದೆ ಇಟ್ಟರು. ಬಟ್ಟೆಯನ್ನೂ ಅವರು ಸರಿಸಲಿಲ್ಲ.

"ಅಸಾಕೊ, ನೀನು ಇನ್ನೆರಡು ದಿನ ಉಳ್ಕೊಳ್ಳೋಕಾಗುತ್ತಾ? ಶುಕ್ರವಾರ ಇದನ್ನ ಮಡಿಸಿಕೊಟ್ಟು ಹೋಗು. ಶನಿವಾರ ಅವರಿಗೆ ಬೇಕು. ನಿನ್ನೆ ಸಾಯಂಕಾಲವೇ ಫೋನ್ ಮಾಡಿ ಹೇಳಿದೆ ಅವಳಿಗೆ. ಅತ್ತಳು, ಹುಚ್ಚಿ. ನಮ್ಮ ಮನೆ ಮಡಿಕೆ, ಶುದ್ಧವಾದ ಕೈ. ಇನ್ನೇನು ಬೇಕು?"

ಇಷ್ಟು ದಿನ ನೀವು ಎನ್ನುತ್ತಿದ್ದವರು ಇವತ್ತು ನೀನು ಎಂದರು.

"ನನ್ನ ಕೈ..." ಎಂದು ಶುರುಮಾಡಿದೆ.

"ನಿನ್ನ ಕೈ ಚೆನ್ನಾಗಿದೆ. ನಾನು ನೋಡಿದ್ದೀನಿ."

"ಮಾಡಿಕೊಡಿ" ಎಂದಳು ಸಾಯೊ. "ಅಮ್ಮ ಇಷ್ಟು ಖುಷಿಯಾಗಿದ್ದನ್ನ ನಾನು ನೋಡಿ ಬಹಳ ಕಾಲ ಆಯ್ತು."

ತಣ್ಣನೆಯ ಸೋಬಾ ಶಾವಿಗೆಯ ಮೇಲೆ ತುರಿದ ಮೂಲಂಗಿ ಹಾಕಿ ಬಡಿಸಿದರು. ಅಜ್ಜಿ ಎರಡನೇ ಸಲ ಹಾಕಿಸಿಕೊಂಡರು. ನಾನೂ ಹಾಕಿಸಿಕೊಂಡೆ. ಮಾಡುತ್ತೇನೆ ಎಂದೂ ಹೇಳಲಿಲ್ಲ, ಆಗುವುದಿಲ್ಲ ಎಂದೂ ಹೇಳಲಿಲ್ಲ. ಅವರು ಅದನ್ನು ಒಪ್ಪಿಗೆ ಎಂದುಕೊಂಡರು.

ಅದೇ ದಿನ, ಸಂಜೆ

ಗ್ರಂಥಾಲಯಕ್ಕೆ ಫೋನ್ ಮಾಡಿ ರಜೆಯನ್ನು ಮುಂದಿನ ವಾರಕ್ಕೂ ಕೇಳಿದೆ. ಗಂಡನಿಗೂ ತಿಳಿಸಿದೆ. "ಅಷ್ಟೊಂದು ಕಲಿಯೋದಿದೆಯಾ?" ಎಂದ. ಇದೆ ಎಂದೆ.

ಬೇರೆ ದಾರಿಗಳನ್ನೂ ಯೋಚಿಸಿದೆ. ನಾಳೆ ಬೆಳಿಗ್ಗೆಯ ಬಸ್ಸು ಹಿಡಿದು, ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದು ಹೇಳಿಕಳಿಸಬಹುದು. ಒಸಾಕಾದಿಂದ ಕಾಗದ ಬರೆಯಬಹುದು. ಮೂರು ಸಾಲು ಬರೆದೂ ನೋಡಿದೆ, ವಾಕ್ಯಗಳು ಅಂದವಾಗಿ ಬಂದವು. ಹರಿದುಹಾಕಿದೆ. ಅಥವಾ ಶುಕ್ರವಾರ ಮಡಿಸಿಕೊಟ್ಟು ಹೋಗಬಹುದು. ಮಡಿಕೆ ತಪ್ಪುವುದಿಲ್ಲ, ಈಗ ಅದು ನನಗೆ ಖಚಿತ. ಕುರಿಯಾಮಾ ಮನೆಯವರಿಗೆ ಒಳ್ಳೆಯದಾಗುತ್ತದೆ. ಅಜ್ಜಿ ತಮ್ಮ ಕೈಯನ್ನು ಹಾಗೆಯೇ ದೂರ ಇಟ್ಟುಕೊಂಡು ಸಾಯುತ್ತಾರೆ. ನನ್ನದು ಶುದ್ಧವಾದ ಕೈ ಎಂದು ನಂಬಿಕೊಂಡು.

ಹೇಳಿದರೆ ಅವರು ನಂಬುತ್ತಾರೆಯೇ ಎಂಬುದೂ ಗೊತ್ತಿಲ್ಲ. ತಾವೇ ಬಿಚ್ಚಿದ್ದು ಅವರ ಕಣ್ಣಿಗೆ ಕಟ್ಟಿದೆ. ನಾನು ಮರುಕದಿಂದ ಕಥೆ ಕಟ್ಟುತ್ತಿದ್ದೇನೆ ಎಂದುಕೊಳ್ಳಬಹುದು. ಸಾಯೊ ಹೇಳಿದ್ದನ್ನು ನಾನು ಬಳಸುವುದಿಲ್ಲ. ಅದು ಅವಳದು, ಹೇಳುವುದಾದರೆ ಅವಳೇ ಹೇಳಬೇಕು. ನನ್ನ ಹತ್ತಿರ ಇರುವುದು ರೈಲು, ಐವತ್ತು ನಿಮಿಷ, ಅಮ್ಮನ ತೊಡೆಯ ಮೇಲಿನ ಗಂಟು. ಇಷ್ಟೇ.

ನಂಬಿದರೆ, ಇಪ್ಪತ್ತಾರು ವರ್ಷ ಯಾವುದಕ್ಕೆ ಎಂದು ಕೇಳುತ್ತಾರೆ. ಅದಕ್ಕೆ ಉತ್ತರವಿಲ್ಲ. ಆ ವರ್ಷಗಳಲ್ಲಿ ಈ ಊರಿನಲ್ಲಿ ಎಷ್ಟು ಮದುವೆಗಳಾದವೋ ನನಗೆ ಗೊತ್ತಿಲ್ಲ.

ನಾಳೆ ಒಂಬತ್ತಕ್ಕೆ ಹೋಗುತ್ತೇನೆ. ಕಾಗದ ಹೊರತೆಗೆಯುವ ಮೊದಲು ಹೇಳುತ್ತೇನೆ. ಸಾಯೊ ಏಳೂವರೆಗೆ ಕೆಲಸಕ್ಕೆ ಹೋಗಿರುತ್ತಾಳೆ, ಅಜ್ಜಿ ಒಬ್ಬರೇ ಇರುತ್ತಾರೆ. ಮೊದಲು ತವರಿನ ಹೆಸರು ಹೇಳಬೇಕು: ನಾನು ಕಾನಾಜಾವಾದ ಉರಾಬೆ ಮನೆಯ ಮಗಳು. ಆಮೇಲೆ, ಆ ಹೊದಿಕೆ ಮಡಿಸಿದವಳು ನಾನು. ಕೈ ತಪ್ಪಿತು ಎಂದು ಹೇಳುವುದಿಲ್ಲ. ಗೊತ್ತಿತ್ತು, ಹೇಳಲಿಲ್ಲ ಎಂದು ಹೇಳುತ್ತೇನೆ. ಕ್ಷಮಿಸಿ ಎಂಬ ಮಾತನ್ನು ಮೊದಲು ಆಡಿದರೆ ಅವರು ತಕ್ಷಣ ಬಾಗಿ, ಪರವಾಗಿಲ್ಲ ಎಂದುಬಿಡುತ್ತಾರೆ. ಆದ್ದರಿಂದ ಅದನ್ನು ಕೊನೆಗೆ ಇಡುತ್ತೇನೆ.

ಹೇಳಿದ ಮೇಲೆ ನಾನಾಗಿ ಎದ್ದು ಬರುವುದಿಲ್ಲ. ಅವರು ಏಳು ಎನ್ನುವವರೆಗೆ ಅಲ್ಲೇ ಕೂತಿರುತ್ತೇನೆ.